ನೀವು ಭಾರತೀಯರೇ? ಸಾಬೀತು ಮಾಡಿ!

ನೀವು ಹುಟ್ಟಿದ್ದು ಯಾವಾಗ ಅಂತ ಕೇಳಿದ್ರೆ ನಮ್ಮಜ್ಜಿ, "ಕೆರೆ ಏರಿ ಒಡೆದ ವರ್ಷ ಕಣೋ" ಅನ್ನೋರು. ಅಪ್ಪನ ಜನ್ಮದಿನ ಜೂನ್ 1. ಅದು ಶಾಲೆಗೆ ಸೇರಿಸಿಕೊಂಡ ಮೇಷ್ಟ್ರು ಕೊಟ್ಟ ತಾರೀಕು! ನಮ್ಮ ಹಳ್ಳಿಗಳಲ್ಲಿ ಜೂನ್ 1ಕ್ಕೆ ಹುಟ್ಟಿದವರು ಎಷ್ಟು ಜನ ಇದ್ದಾರೆ ಅಂತ ನಿಮಗೂ ಗೊತ್ತು. ನಾವು ನಕ್ಕು ಸುಮ್ಮನಾಗ್ತೀವಿ. ಅಸ್ಸಾಮಿನಲ್ಲಿ ಹಾಗೆ ನಗೋಕಾಗಲ್ಲ. ಅಲ್ಲಿ ಇಂಥದ್ದೊಂದು ತಪ್ಪು ನಿಮ್ಮನ್ನು ವಿದೇಶಿ ಮಾಡಿಬಿಡಬಹುದು.

ಕಳ್ಳತನದ ಕೇಸಲ್ಲಿ ಆರೋಪ ಸಾಬೀತು ಮಾಡಬೇಕಾದವರು ಪೊಲೀಸರು. ಆದರೆ "ನೀನು ವಿದೇಶಿ" ಅಂದಾಗ ಲೆಕ್ಕ ಉಲ್ಟಾ. ಅಲ್ಲ ಅಂತ ನೀವೇ ಸಾಬೀತು ಮಾಡಬೇಕು. ಈ ನಿಯಮ ಬಂದಿದ್ದು 1946ರ ವಿದೇಶಿಯರ ಕಾಯ್ದೆಯ 9ನೇ ಸೆಕ್ಷನ್‌ನಿಂದ. ಇಸವಿ ಗಮನಿಸಿ. ಆಗಿನ್ನೂ ಬ್ರಿಟಿಷರ ಆಳ್ವಿಕೆ. ಭಾರತದ ಪ್ರಜೆ ಯಾರು ಅಂತ ಸಂವಿಧಾನ ಹೇಳಿದ್ದು 1949ರಲ್ಲಿ, ಪೌರತ್ವ ಕಾಯ್ದೆ ಬಂದಿದ್ದು 1955ರಲ್ಲಿ. ಅಂದ್ರೆ, ನಮ್ಮವರು ಯಾರು ಅಂತ ಬರೆದುಕೊಳ್ಳುವ ಮೊದಲೇ ಹೊರಗಿನವರನ್ನು ಹಿಡಿಯುವ ಕಾನೂನು ಸಿದ್ಧವಾಗಿತ್ತು. 1964ರಲ್ಲಿ ಇದಕ್ಕಾಗಿಯೇ ವಿದೇಶಿಯರ ನ್ಯಾಯಮಂಡಳಿಗಳ ಆದೇಶವೂ ಬಂತು.

ಅಕ್ರಮ ವಲಸೆ ಸುಳ್ಳು ಸಮಸ್ಯೆ ಅಂತ ನಾನು ಹೇಳ್ತಿಲ್ಲ. ಅದರ ವಿರುದ್ಧ ಅಸ್ಸಾಮಿನ ಜನ 1979ರಿಂದ ಆರು ವರ್ಷ ಬೀದಿಗಿಳಿದಿದ್ದರು. 1985ರ ಆಗಸ್ಟ್ 15ರಂದು ಅಸ್ಸಾಂ ಒಪ್ಪಂದ ಆಯ್ತು. 1971ರ ಮಾರ್ಚ್ 25 ಗಡಿ ದಿನಾಂಕವಾಯ್ತು. ಈ ನಡುವೆ 1983ರಲ್ಲಿ ಅಸ್ಸಾಮಿಗೆ ಪ್ರತ್ಯೇಕ ಕಾನೂನು ಬಂದಿತ್ತು. ಅದರಲ್ಲಿ ಸಾಬೀತು ಮಾಡುವ ಹೊಣೆ ದೂರು ಕೊಟ್ಟವರ ಮೇಲಿತ್ತು. ಇದರಿಂದ ವಿದೇಶಿಯರು ಸಿಕ್ಕಿಬೀಳ್ತಿಲ್ಲ ಅಂತ ಸರ್ಬಾನಂದ ಸೋನೊವಾಲ್ ಸುಪ್ರೀಂ ಕೋರ್ಟಿಗೆ ಹೋದರು. 2005ರಲ್ಲಿ ಕೋರ್ಟ್ ಆ ಕಾನೂನನ್ನು ರದ್ದು ಮಾಡಿತು. ಎಲ್ಲಿ ಹುಟ್ಟಿದೆ, ಅಪ್ಪ ಅಮ್ಮ ಯಾರು ಅನ್ನೋದು ಆ ವ್ಯಕ್ತಿಗೇ ಚೆನ್ನಾಗಿ ಗೊತ್ತಿರುತ್ತೆ, ಹಾಗಾಗಿ ಅವನೇ ತೋರಿಸಲಿ ಅನ್ನೋದು ತರ್ಕ. ಕೇಳೋಕೆ ಸರಿಯಾಗೇ ಇದೆ, ಅಲ್ವಾ?

ಈಗ ನಲ್ಬಾರಿ ಜಿಲ್ಲೆಯ ಒಬ್ಬರ ಕಥೆ ಕೇಳಿ. 2004ರಲ್ಲಿ ಪೊಲೀಸರಿಗೆ ಅವರ ಮೇಲೆ ಅನುಮಾನ ಬಂತು. ಕಾಯಿಲೆ ಬಿದ್ದು ವಿಚಾರಣೆಗೆ ಹೋಗಲಾಗಲಿಲ್ಲ. 2012ರಲ್ಲಿ ನ್ಯಾಯಮಂಡಳಿ ಅವರ ಗೈರುಹಾಜರಿಯಲ್ಲೇ ವಿದೇಶಿ ಅಂತ ಘೋಷಿಸಿತು. 2015ರಲ್ಲಿ ಹೈಕೋರ್ಟ್ ಅವರ ಅರ್ಜಿ ತಳ್ಳಿಹಾಕಿತು. ಸುಪ್ರೀಂ ಕೋರ್ಟ್ ಮತ್ತೆ ಕೇಳಿ ಅಂದಾಗ, ಅಪ್ಪ ಅಮ್ಮನ ಹೆಸರಿದ್ದ 1965ರ ಮತದಾರರ ಪಟ್ಟಿ ಕೊಟ್ಟರು. ಉಹೂಂ, ಹೆಸರಿನ ಅಕ್ಷರ, ತಾರೀಕು ತಾಳೆ ಆಗ್ತಿಲ್ಲ ಅಂತ ಮಂಡಳಿ ಒಪ್ಪಲಿಲ್ಲ.

2024ರ ಜುಲೈ 11ರಂದು ಸುಪ್ರೀಂ ಕೋರ್ಟ್ ಹೇಳಿತು: ಇವರು ಭಾರತೀಯರೇ. ಯಾರನ್ನೋ ಸುಮ್ಮನೆ ಆರಿಸಿ ನೋಟಿಸ್ ಕೊಡುವಂತಿಲ್ಲ. ಅನುಮಾನಕ್ಕೆ ಆಧಾರ ಇರಬೇಕು, ಆ ಆಧಾರವನ್ನು ಅವರಿಗೂ ತಿಳಿಸಬೇಕು. ಕಾಗುಣಿತದ ಸಣ್ಣ ವ್ಯತ್ಯಾಸಕ್ಕೆ ಪೌರತ್ವ ಕಿತ್ತುಕೊಳ್ಳುವಂತಿಲ್ಲ.

ತೀರ್ಪು ಕೇಳೋಕೆ ಅವರು ಇರಲಿಲ್ಲ. 2021ರ ಡಿಸೆಂಬರಿನಲ್ಲೇ ತೀರಿಕೊಂಡಿದ್ದರು. ಅದು ಕೋರ್ಟಿಗೂ ಗೊತ್ತಿರಲಿಲ್ಲ.

ಎಂಜಿನಿಯರಿಂಗ್ ಓದುವಾಗ ಪ್ರೋಗ್ರಾಂ ಬರೀತಿದ್ದೆವು. ಮಾಹಿತಿ ಸಿಗದಿದ್ದಾಗ ಕಂಪ್ಯೂಟರ್ ಏನಂತ ತಿಳಿಯಬೇಕು ಅಂತ ಮೊದಲೇ ಹೇಳಿಡಬೇಕು, ಅದು ಡಿಫಾಲ್ಟ್. ಇಲ್ಲಿನ ಡಿಫಾಲ್ಟ್ "ವಿದೇಶಿ". ಕಾಗದ ಜೋಪಾನ ಮಾಡಿದವನು ಗೆದ್ದ. ಪ್ರವಾಹಕ್ಕೆ ಮನೆ ಕೊಚ್ಚಿಹೋದವನು, ಓದು ಬಾರದವಳು ಸೋತರು. 1946ರ ಕಾಯ್ದೆಯ ಜಾಗಕ್ಕೆ 2025ರಲ್ಲಿ ಹೊಸ ಕಾಯ್ದೆ ಬಂತು. ಸಾಬೀತು ಮಾಡುವ ಭಾರ ಮಾತ್ರ ಅದೇ ಹೆಗಲ ಮೇಲೆ.

ಕನ್ನಡದಲ್ಲಿ ಪರದೇಶಿ ಅಂದ್ರೆ ಬೇರೆ ದೇಶದವನು. ದಿಕ್ಕಿಲ್ಲದವನು ಅಂತಲೂ ಅರ್ಥ. ಮೊದಲನೆಯವರನ್ನು ಹುಡುಕಲೇಬೇಕು, ಹುಡುಕಲಿ. ಆದರೆ ಹುಡುಕುವ ಭರದಲ್ಲಿ ನಮ್ಮವರನ್ನೇ ಎರಡನೆಯವರನ್ನಾಗಿ ಮಾಡಬಾರದು.

ಅಂದಹಾಗೆ, ನಿಮ್ಮ ಅಜ್ಜಿಯ ಹೆಸರು ರೇಷನ್ ಕಾರ್ಡಿನಲ್ಲೂ ವೋಟರ್ ಲಿಸ್ಟಿನಲ್ಲೂ ಒಂದೇ ಥರ ಇದೆಯಾ? ಇವತ್ತು ರಾತ್ರಿ ಒಮ್ಮೆ ತೆಗೆದು ನೋಡಿ.