ವರ್ಟ್ ಶೋಧನೆ

ವರ್ಟ್ ಶೋಧನೆ: ಮೊಳೆಯಿಸಿ ಒಣಗಿಸಿದ ಜವೆಗೋಧಿಯಿಂದ, ಎಂದರೆ ಮಾಲ್ಟಿನಿಂದ, ಬಿಯರನ್ನು ತಯಾರಿಸುವ ಕ್ರಮದಲ್ಲಿ, ಕಾಳಿನ ಸಕ್ಕರೆಯು ಬಿಸಿನೀರಿಗೆ ಇಳಿದ ತರುವಾಯ ಆ ಸಿಹಿರಸವನ್ನು ಹೊಟ್ಟು, ನುಚ್ಚು, ಹಿಟ್ಟುಗಳಿಂದ ಬೇರ್ಪಡಿಸಿ ಕುದಿಸುವ ಪಾತ್ರೆಗೆ ತಿಳಿಯಾಗಿ ಇಳಿಸಿಕೊಳ್ಳುವ ಕ್ರಿಯೆ. ಈ ಸಿಹಿರಸಕ್ಕೆ ವರ್ಟ್ ಎಂದೂ ಅದನ್ನು ಶೋಧಿಸುವ ಕ್ರಿಯೆಗೆ ಲಾಟರಿಂಗ್ ಎಂದೂ ಹೆಸರು. ಎರಡನೆಯದು ನಿರ್ಮಲಗೊಳಿಸು ಎಂಬರ್ಥದ ಜರ್ಮನ್ ಪದದಿಂದ ಬಂದುದು. ಸಿದ್ಧವಾದ ಮಾಲ್ಟ್ ಸಾರವನ್ನು ಕೊಂಡುತಂದು ನೀರಿನಲ್ಲಿ ಕದಡಿ ಮನೆಯಲ್ಲಿ ಬಿಯರ್ ಮಾಡುವವರಿಗೆ ಈ ತೊಡಕಿಲ್ಲ. ಇಡಿಯ ಕಾಳಿನಿಂದಲೇ ಆರಂಭಿಸುವವರಿಗೆ ಮಾತ್ರ ಇದು ಅನಿವಾರ್ಯವಾದ ಘಟ್ಟ.

ಮನೆಯಲ್ಲಿ 20 ಲೀಟರ್ ಬಿಯರಿಗೆ ಸಾಮಾನ್ಯವಾಗಿ 4ರಿಂದ 5 ಕಿಲೋಗ್ರಾಂ ಮಾಲ್ಟ್ ಬೇಕಾಗುತ್ತದೆ. ಇದನ್ನು ತರಿತರಿಯಾಗಿ ಒಡೆದು, ಕಿಲೋಗ್ರಾಮಿಗೆ 2.5ರಿಂದ 3 ಲೀಟರಿನ ಪ್ರಮಾಣದಲ್ಲಿ ಬಿಸಿನೀರು ಬೆರೆಸಿ, 65ರಿಂದ 68 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಒಂದು ಗಂಟೆಯಷ್ಟು ಕಾಲ ಬಿಟ್ಟರೆ, ಮಾಲ್ಟಿನಲ್ಲಿರುವ ಅಮೈಲೇಸ್ ಕಿಣ್ವಗಳು ಪಿಷ್ಟವನ್ನು ಒಡೆದು ಸಕ್ಕರೆಯಾಗಿ ಮಾರ್ಪಡಿಸುತ್ತವೆ. ಹೀಗೆ ಸಿದ್ಧವಾದ, ನೋಡಲು ತೆಳ್ಳನೆಯ ನುಚ್ಚಿನ ಗಂಜಿಯನ್ನು ಹೋಲುವ ಮಿಶ್ರಣಕ್ಕೆ ಮ್ಯಾಶ್ ಎಂದು ಹೆಸರು. ಇದರಿಂದ ರಸವನ್ನಷ್ಟೇ ಬಸಿದುಕೊಂಡು ಚರಟವನ್ನು ಹಿಂದುಳಿಸುವುದೇ ಶೋಧನೆಯ ಕಾರ್ಯ.

ಕಾಳಿನ ಕಣಗಳು ರಸದೊಡನೆ ಹೋಗಿ ಕುದಿದರೆ ಆಗುವ ದೋಷಗಳು ಹಲವು. ಹೊಟ್ಟಿನಲ್ಲಿ ಅಡಗಿರುವ ಟ್ಯಾನಿನ್ ಎಂಬ ದ್ರವ್ಯವು ಕುದಿಯುವ ನೀರಿನಲ್ಲಿ ಬಿಟ್ಟುಕೊಂಡು, ಅತಿಯಾಗಿ ಕುದಿಸಿದ ಚಹಾದಲ್ಲಿ ಕಾಣುವಂಥ ಒಗರನ್ನು ಬಿಯರಿಗೆ ತರುತ್ತದೆ; ಸಕ್ಕರೆಯಾಗದೆ ಉಳಿದ ಪಿಷ್ಟವು ಕರಗಿ ಪಾನೀಯಕ್ಕೆ ಮಾಯದ ಮಬ್ಬನ್ನು ಕೊಡುತ್ತದೆ; ಹಿಟ್ಟು ಪಾತ್ರೆಯ ತಳಕ್ಕೋ ವಿದ್ಯುತ್ ಕಾಯಿಲಿಗೋ ಅಂಟಿ ಸೀದು, ಆ ಸೀದ ವಾಸನೆಯನ್ನು ಇಡಿಯ ರಸಕ್ಕೆ ಹಬ್ಬಿಸುತ್ತದೆ. ಆದರೆ ಕುದಿಯುವಾಗ ಪ್ರೋಟೀನು ಹೆಪ್ಪುಗಟ್ಟಿ ತೇಲುವ ಬಿಳಿಯ ಚೂರುಗಳನ್ನು ಕಾಳಿನ ಕಣಗಳೆಂದು ಭ್ರಮಿಸಲಾಗದು. ಅವು ಸಹಜವಾಗಿ ಹುಟ್ಟುವಂಥವು, ತಾವಾಗಿ ತಳಕ್ಕೆ ಇಳಿಯುವಂಥವು.

ಈ ಸಮಸ್ಯೆ ಬಿಯರಿನಷ್ಟೇ ಪ್ರಾಚೀನವಾದುದು. ಸುಮೇರಿಯದ ಮುದ್ರೆಗಳಲ್ಲಿ ಒಂದೇ ಗಡಿಗೆಯ ಸುತ್ತ ಕುಳಿತು ಉದ್ದನೆಯ ಕೊಳವೆಗಳಿಂದ ಪಾನೀಯವನ್ನು ಹೀರುತ್ತಿರುವವರ ಚಿತ್ರಗಳಿವೆ. ಕ್ರಿ.ಪೂ. 401-400ರ ಚಳಿಗಾಲದಲ್ಲಿ ಆರ್ಮೇನಿಯದ ಹಳ್ಳಿಗಳನ್ನು ಹಾದುಹೋದ ಗ್ರೀಕ್ ಲೇಖಕ ಕ್ಸೆನೊಫನ್, ಅಲ್ಲಿನ ಜವೆಯ ಮದ್ಯದಲ್ಲಿ ಕಾಳುಗಳು ಗಡಿಗೆಯ ಬಾಯಿಯವರೆಗೆ ತೇಲುತ್ತಿದ್ದುದನ್ನೂ, ಗಿಣ್ಣಿಲ್ಲದ ಜೊಂಡಿನ ಕೊಳವೆಗಳಿಂದ ಜನ ಅದನ್ನು ಹೀರುತ್ತಿದ್ದುದನ್ನೂ ತನ್ನ 'ಅನಬಾಸಿಸ್' ಗ್ರಂಥದಲ್ಲಿ ವರ್ಣಿಸಿದ್ದಾನೆ. ಅಲ್ಲಿ ಸೋಸುವ ಕೆಲಸ ಕುಡಿಯುವವನ ಪಾಲಿಗೆ ಬಿಟ್ಟಿತ್ತು. ಉತ್ತರ ಯೂರೋಪಿನ ರೈತರು ಅದನ್ನು ತಯಾರಿಕೆಯ ಘಟ್ಟಕ್ಕೆ ತಂದರು. ಫಿನ್ಲೆಂಡಿನಲ್ಲಿ ಸಾಹ್ತಿ ಎಂಬ ಗ್ರಾಮೀಣ ಬಿಯರಿಗಾಗಿ ಮರದ ದಿಮ್ಮಿಯನ್ನು ದೋಣಿಯಂತೆ ಕೊರೆದು, ತಳದಲ್ಲಿ ಜುನಿಪರ್ ರೆಂಬೆಗಳನ್ನೂ ಹುಲ್ಲನ್ನೂ ಹಾಸಿ, ಮೇಲೆ ಮ್ಯಾಶನ್ನು ಸುರಿದು ರಸ ಬಸಿಯುವ ಪದ್ಧತಿಯುಂಟು. ಈ ತೊಟ್ಟಿಗೆ ಕೂರ್ನಾ ಎಂದು ಹೆಸರು. ನಾರ್ವೆಯ ಹಳ್ಳಿಗಳಲ್ಲಿಯೂ ಜುನಿಪರ್ ರೆಂಬೆಗಳ ಹಾಸು ರೂಢಿಯಲ್ಲಿದೆ.

ಜುನಿಪರ್ ರೆಂಬೆಗಳ ನಡುವೆ ಬೆರಳು ತೂರುವಷ್ಟು ಸಂದುಗಳಿದ್ದರೂ ರಸ ತಿಳಿಯಾಗಿಯೇ ಇಳಿಯುವುದೇಕೆಂದು ವಿಚಾರಿಸಿದರೆ ಶೋಧನೆಯ ಮೂಲತತ್ತ್ವ ತಿಳಿದುಬರುತ್ತದೆ. ರಸವನ್ನು ಸೋಸುವುದು ರೆಂಬೆಯೂ ಅಲ್ಲ, ಲೋಹದ ಜರಡಿಯೂ ಅಲ್ಲ. ಜವೆಯ ಹೊಟ್ಟು ತಾನೇ ಪದರಪದರವಾಗಿ ಕುಳಿತು ರಚಿಸಿಕೊಂಡ ಹಾಸು. ಜರಡಿಯ ಕೆಲಸ ಆ ಹಾಸನ್ನು ಹೊತ್ತು ನಿಲ್ಲುವುದಷ್ಟೆ. ದಿಜೋನ್ ನಗರದ ನೀರಿನ ಪೂರೈಕೆಯ ಸಂದರ್ಭದಲ್ಲಿ ಮರಳಿನ ಮೂಲಕ ನೀರು ಹರಿಯುವುದನ್ನು ಪರೀಕ್ಷಿಸಿದ ಹೆನ್ರಿ ಡಾರ್ಸಿ 1856ರಲ್ಲಿ ಪ್ರಕಟಿಸಿದ ನಿಯಮವು ಇಲ್ಲಿಗೂ ಅನ್ವಯಿಸುತ್ತದೆ: ಹಾಸಿನ ವಿಸ್ತಾರವೂ ಅದರ ಮೇಲಿನ ಒತ್ತಡವೂ ಹೆಚ್ಚಿದಂತೆ ಹರಿವು ಹೆಚ್ಚುತ್ತದೆ, ಹಾಸಿನ ದಪ್ಪವೂ ದ್ರವದ ಸ್ನಿಗ್ಧತೆಯೂ ಹೆಚ್ಚಿದಂತೆ ಕುಗ್ಗುತ್ತದೆ. ಆದರೆ ಮರಳಿನಂತೆ ಹೊಟ್ಟು ಗಟ್ಟಿಯಲ್ಲ. ಅವಸರಪಟ್ಟು ರಸವನ್ನು ಸೆಳೆದರೆ ಹಾಸು ಕುಗ್ಗಿ, ತನ್ನ ಸಂದುಗಳನ್ನು ತಾನೇ ಮುಚ್ಚಿಕೊಳ್ಳುತ್ತದೆ.

ಆದುದರಿಂದ ಶೋಧನೆಯ ಯಶಸ್ಸು ಬೀಸುವಾಗಲೇ ಅರ್ಧ ನಿಶ್ಚಯವಾಗಿರುತ್ತದೆ. ಕಾಳಿನ ಒಳಗಿನ ತಿರುಳು ಪುಡಿಯಾಗಬೇಕು, ಹೊರಗಿನ ಹೊಟ್ಟು ಇಡಿಯಾಗಿ ಉಳಿಯಬೇಕು. ಹಿಟ್ಟಿನ ಗಿರಣಿಯ ಕಲ್ಲು ಇದಕ್ಕೆ ಸಲ್ಲದು. ಸುಮಾರು 1 ಮಿಲಿಮೀಟರ್ ಅಂತರದಲ್ಲಿ ಎದುರುಬದುರಾಗಿ ತಿರುಗುವ ಉಕ್ಕಿನ ಉರುಳೆಗಳ ಯಂತ್ರವೇ ಯೋಗ್ಯ. ಬೀಸುವ ಕೆಲವು ನಿಮಿಷಗಳ ಮೊದಲು ಕಾಳಿನ ತೂಕದ ನೂರಕ್ಕೆ 2 ಪಾಲಿನಷ್ಟು ನೀರನ್ನು ಚಿಮುಕಿಸಿ ಹದ ಮಾಡಿಕೊಂಡರೆ ಹೊಟ್ಟು ಮೆತ್ತಗಾಗಿ ಪುಡಿಯಾಗದೆ ಉಳಿಯುತ್ತದೆ.

ಹಾಸನ್ನು ಹೊರುವ ಸಾಧನಗಳಲ್ಲಿ ಮುಖ್ಯವಾದುದು ರಂಧ್ರಗಳುಳ್ಳ ಎರಡನೆಯ ತಳ. ಪಾತ್ರೆಯ ನಿಜವಾದ ತಳದಿಂದ ಸ್ವಲ್ಪ ಮೇಲೆ ಇದನ್ನು ಕೂರಿಸಿ, ಕೆಳಗಿನ ನಲ್ಲಿಯಿಂದ ರಸವನ್ನು ಬಿಡುತ್ತಾರೆ. ಮನೆಯ ಬಿಯರಿಗೆ ಅಮೆರಿಕದ ಸಂಯುಕ್ತ ಸರ್ಕಾರ 1978ರ ಶಾಸನದಿಂದ ಸಮ್ಮತಿಯಿತ್ತ ತರುವಾಯ ಈ ಹವ್ಯಾಸ ಅಲ್ಲಿ ಬಹಳವಾಗಿ ಹಬ್ಬಿತು. 1984ರಲ್ಲಿ ಪ್ರಕಟವಾದ ತಮ್ಮ ಪುಸ್ತಕದಲ್ಲಿ ಅಲ್ಲಿನ ಲೇಖಕ ಚಾರ್ಲಿ ಪಪೇಜಿಯನ್, ಪ್ಲಾಸ್ಟಿಕ್ ಬಕೆಟ್ಟೊಂದರ ತಳಕ್ಕೆ ನೂರಾರು ತೂತು ಕೊರೆದು ಮತ್ತೊಂದು ಬಕೆಟ್ಟಿನೊಳಗೆ ಇಳಿಸುವ ಅಗ್ಗದ ಉಪಾಯವನ್ನು ಪ್ರಚಾರಕ್ಕೆ ತಂದರು. ಶಾಖ ಕಾಯುವ ಐಸ್ ಪೆಟ್ಟಿಗೆಯ ತಳದಲ್ಲಿ ಸೀಳುಗಳುಳ್ಳ ತಾಮ್ರದ ಕೊಳವೆಗಳನ್ನೋ, ಹೆಣೆದ ಸ್ಟೀಲ್ ತಂತಿಯ ಕೊಳವೆಯನ್ನೋ ಅಳವಡಿಸುವುದೂ ಉಂಟು. ಆಸ್ಟ್ರೇಲಿಯದ ಹವ್ಯಾಸಿಗಳು ಈ ಶತಮಾನದ ಆರಂಭದ ವರ್ಷಗಳಲ್ಲಿ ರೂಢಿಗೆ ತಂದ ಕ್ರಮದಲ್ಲಿ ಮ್ಯಾಶೆಲ್ಲವೂ ಒಂದು ತೆಳುಬಟ್ಟೆಯ ಚೀಲದೊಳಗೇ ನಡೆದು, ಕೊನೆಗೆ ಚೀಲವನ್ನೆತ್ತಿ ಬಸಿಯಲಾಗುತ್ತದೆ. ಇಲ್ಲಿ ಸೋಸುವುದು ಬಟ್ಟೆಯೇ ಆದುದರಿಂದ ಕಾಳನ್ನು ನುಣ್ಣಗೆ ಬೀಸಬಹುದು. ರಸ ಮಾತ್ರ ಹಾಸಿನಿಂದ ಇಳಿದುದರಷ್ಟು ತಿಳಿಯಾಗಿರುವುದಿಲ್ಲ.

ಹಾಸಿನ ಕ್ರಮದಲ್ಲಿ ಮ್ಯಾಶನ್ನು ಒಮ್ಮೆ ಕಲಕಿ ಹತ್ತು ನಿಮಿಷ ಅಲುಗಿಸದೆ ಬಿಟ್ಟು, ನಲ್ಲಿಯನ್ನು ಕೊಂಚವೇ ತೆರೆಯಬೇಕು. ಮೊದಲು ಬರುವ ರಸ ಕದಡಿ, ಹೊಟ್ಟಿನ ಚೂರುಗಳಿಂದ ಕೂಡಿರುತ್ತದೆ. ಅದನ್ನು ಜಗ್ಗಿನಲ್ಲಿ ಹಿಡಿದು, ಹಾಸು ಗುಳಿಬೀಳದಂತೆ ಚಮಚದ ಬೆನ್ನಿನ ಮೇಲೋ ತಟ್ಟೆಯ ಮೇಲೋ ಹರಿಸಿ ಮರಳಿ ಮ್ಯಾಶಿನ ಮೇಲೆಯೇ ಹೊಯ್ಯುತ್ತಾರೆ. ಫೋರ್ಲಾಫ್ ಎಂಬ ಜರ್ಮನ್ ಹೆಸರಿನ ಈ ಕ್ರಿಯೆಯನ್ನು ಚೂರುಗಳು ಕಾಣದಾಗುವವರೆಗೆ ನಡೆಸಬೇಕು. ಸಾಧಾರಣವಾಗಿ ಕೆಲವು ಲೀಟರುಗಳಷ್ಟು ರಸ ಹೀಗೆ ಮರಳಿದರೆ ಸಾಕು. ಆ ಬಳಿಕವೇ ರಸವನ್ನು ಕುದಿಸುವ ಪಾತ್ರೆಗೆ ಬಿಡುವುದು. ಕಾಳು ಕಿಲೋಗ್ರಾಮಿಗೆ ಸುಮಾರು 1 ಲೀಟರ್ ರಸವನ್ನು ತನ್ನಲ್ಲಿಯೇ ಹಿಡಿದಿಟ್ಟುಕೊಳ್ಳುವುದರಿಂದ, ಉಳಿದ ಸಕ್ಕರೆಯನ್ನು ತೊಳೆದು ತೆಗೆಯಲು 75 ಡಿಗ್ರಿಯ ಆಸುಪಾಸಿನ ನೀರನ್ನು ಮೇಲಿನಿಂದ ನಿಧಾನವಾಗಿ ಚಿಮುಕಿಸುತ್ತಾರೆ, ಇಲ್ಲವೆ ಒಮ್ಮೆಗೇ ಸುರಿದು ಕಲಕಿ, ಮತ್ತೆ ಫೋರ್ಲಾಫ್ ನಡೆಸಿ ಬಸಿಯುತ್ತಾರೆ. ನೀರಿನ ಉಷ್ಣತೆ 77 ಡಿಗ್ರಿಯನ್ನು ಮೀರಿದರೆ, ಅಥವಾ ರಸದ ಸಾಪೇಕ್ಷ ಸಾಂದ್ರತೆ 1.010ಕ್ಕಿಂತ ಕೆಳಗಿಳಿದ ಮೇಲೂ ತೊಳೆಯುತ್ತ ಹೋದರೆ, ತಡೆದ ಒಗರು ಬೇರೆ ದಾರಿಯಿಂದ ಒಳಹೊಕ್ಕಂತಾಗುತ್ತದೆ.

ಕೆಲವೊಮ್ಮೆ ಹರಿವು ನಿಂತೇಹೋಗುತ್ತದೆ. ಹಿಟ್ಟು ಹೆಚ್ಚಾದುದು, ನಲ್ಲಿಯನ್ನು ಪೂರ್ತಿ ತೆರೆದುದು, ಮ್ಯಾಶ್ ತಣಿದು ಮಂದವಾದುದು ಇದಕ್ಕೆ ಕಾರಣಗಳು. ಗೋಧಿ ಮತ್ತು ರೈ ಕಾಳುಗಳಿಗೆ ಹೊಟ್ಟಿನ ಹೊದಿಕೆ ಇಲ್ಲದಿರುವುದರಿಂದಲೂ ಓಟ್ಸ್ ಮತ್ತು ರೈಗಳಲ್ಲಿ ಬೀಟಾ-ಗ್ಲೂಕನ್ ಎಂಬ ಅಂಟುದ್ರವ್ಯ ಹೇರಳವಾಗಿರುವುದರಿಂದಲೂ ಇವುಗಳ ಬಿಯರಿನಲ್ಲಿ ಈ ತೊಂದರೆ ವಿಶೇಷ. ಅಂಥ ಕಡೆ ಕಾಳಿನ ತೂಕದ ನೂರಕ್ಕೆ 5ರಿಂದ 10 ಪಾಲು ಬತ್ತದ ಹೊಟ್ಟನ್ನು ಬೆರೆಸುವುದು ಸುಲಭವಾದ ಪರಿಹಾರ. ಬತ್ತದ ಹೊಟ್ಟು ರುಚಿಯನ್ನು ಕೊಡದೆ ಸಂದನ್ನಷ್ಟೇ ಕೊಡುತ್ತದೆ. ನಿಂತ ಹರಿವನ್ನು ಬಿಡಿಸಲು ನಲ್ಲಿಯನ್ನು ಮುಚ್ಚಿ, ಕೆಳಗಿನಿಂದ ಬಿಸಿನೀರು ಏರಿಸಿ ಹಾಸನ್ನು ತೇಲಿಸಿ, ಮತ್ತೆ ಕೂರಗೊಟ್ಟು, ಫೋರ್ಲಾಫಿನಿಂದಲೇ ಪುನಃ ಆರಂಭಿಸಬೇಕು.

ದೊಡ್ಡ ಕಾರ್ಖಾನೆಗಳಲ್ಲಿಯೂ ತತ್ತ್ವ ಇದೇ. ಅಲ್ಲಿ ಬಿಗಿದ ಹಾಸನ್ನು ಸಡಿಲಿಸಲು ತಿರುಗುವ ಅಲಗುಗಳಿರುತ್ತವೆ, ಕೆಲವೆಡೆ ಹಾಸಿಗೆ ಬದಲಾಗಿ ಬಟ್ಟೆ ಹೊದಿಸಿದ ಒತ್ತುಶೋಧಕಗಳಿರುತ್ತವೆ. ಬಿಯರಿಗೆ ಕಹಿಯನ್ನು ಕೊಡುವ ಹಾಪ್ಸ್ ಹೂಗಳನ್ನು ಸಾಮಾನ್ಯವಾಗಿ ಶೋಧನೆ ಮುಗಿದು ರಸ ಕುದಿಯತೊಡಗಿದ ಮೇಲೆ ಹಾಕುವುದರಿಂದ, ಹಿಂದುಳಿದ ಚರಟದಲ್ಲಿ ಕಹಿಯಿರುವುದಿಲ್ಲ. ಅದು ದನಗಳಿಗೆ ಒಳ್ಳೆಯ ಮೇವು. ಒದ್ದೆಯಾಗಿರುವ ಕಾರಣ ಬೇಗನೆ ಹುಳಿಯುವುದರಿಂದ ಅದನ್ನು ಒಂದೆರಡು ದಿನಗಳೊಳಗೆ ಉಪಯೋಗಿಸಬೇಕು.