ಕೇಕು, ಕ್ರೋಶಾ ಮತ್ತು ‘ಗೃಹಿಣಿ’ ಎಂಬ ಕಾಲಂ

ಕಾಸರಗೋಡಿನಿಂದ ದಕ್ಷಿಣಕ್ಕೆ ರೈಲು ಹತ್ತಿದರೆ ತಲಶ್ಶೇರಿ, ಉತ್ತರಕ್ಕೆ ಹತ್ತಿದರೆ ಮಂಗಳೂರು. ಇಂದು ನಮ್ಮ ಮನೆಗಳಲ್ಲಿ ಭಾನುವಾರದ ಬಿಡುವಿಗೆ ಕಾಣಸಿಗುವ ಎರಡು ಕೆಲಸಗಳಾದ ಕೇಕು ಬೇಯಿಸುವುದು ಮತ್ತು ಕ್ರೋಶಾ ಹೆಣೆಯುವುದರ ಚರಿತ್ರೆಯನ್ನು ಹುಡುಕುತ್ತ ಹೋದರೆ ಈ ಎರಡು ಪಟ್ಟಣಗಳನ್ನು ಮುಟ್ಟದೆ ಬರುವಂತಿಲ್ಲ. ಯುದ್ಧ, ಒಪ್ಪಂದ, ಕಂದಾಯಗಳ ಚರಿತ್ರೆಯನ್ನು ಬರೆದವರು ಬಹಳ ಮಂದಿ. ಮೊಟ್ಟೆ ಮತ್ತು ನೂಲುಂಡೆಯ ಚರಿತ್ರೆಗೆ ನಮ್ಮ ಕಡೆ ಅಷ್ಟಾಗಿ ಯಾರೂ ಕೈಹಾಕಿಲ್ಲ. ಲೆಕ್ಕದ ಪುಸ್ತಕಗಳ ನಡುವೆ ದಿನ ಕಳೆಯುವ ಬ್ಯಾಂಕು ಗುಮಾಸ್ತೆಯಾದ ನನಗೆ ಈ ಕೆಲಸಗಳ ಲೆಕ್ಕ ಎಲ್ಲಿಯೂ ಸರಿಯಾಗಿ ದಾಖಲಾಗಿಲ್ಲ ಎಂಬುದೇ ಕುತೂಹಲಕ್ಕೆ ಕಾರಣವಾಯಿತು.

ಮೊದಲು ಮಾತುಗಳನ್ನೇ ನೋಡೋಣ. ಪಶ್ಚಿಮ ಕರಾವಳಿಗೆ ಪೋರ್ಚುಗೀಸರು ಬಂದದ್ದು 1498ರಲ್ಲಿ, ಗೋವೆ ಅವರ ವಶವಾದದ್ದು 1510ರಲ್ಲಿ. ಅವರ ‘ಪಾಂವ್’ ಕೊಂಕಣಿಯವರ ಬಾಯಲ್ಲಿ ಪಾವ್ ಆಗಿ ಉಳಿಯಿತು. ಮೇಜು, ಇಸ್ತ್ರಿ ಮುಂತಾದವೂ ಅದೇ ಹಡಗಿನಲ್ಲಿ ಬಂದ ಮಾತುಗಳು. ಲೇಸಿಗೆ ಮಲಯಾಳದಲ್ಲಿ ‘ರೇಂದ’ ಎನ್ನುತ್ತಾರೆ. ಅದು ಪೋರ್ಚುಗೀಸರ ‘ರೆಂದಾ’ವೇ. ರೊಟ್ಟಿ ಉಬ್ಬಿಸಲು ಬೇಕಾದ ಯೀಸ್ಟು ಈ ಸೆಕೆಯ ನಾಡಿನಲ್ಲಿ ಸಿಗದೆ ಗೋವೆಯವರು ತೆಂಗಿನ ಕಳ್ಳನ್ನು ಬೆರೆಸಿದರು. ಪಾಶ್ಚಾತ್ಯರ ತಿಂಡಿ ನಮ್ಮ ತೆಂಗಿನ ಮರದ ಬುಡಕ್ಕೆ ಬಂದದ್ದು ಹೀಗೆ. ಆದರೆ ಕಳ್ಳು ಹಾಕಿದ ರೊಟ್ಟಿ ಎಂಬ ಮಾತೊಂದೇ ಸಾಕಿತ್ತು, ನಮ್ಮ ಎಷ್ಟೋ ಮನೆಗಳ ಅಡಿಗೆ ಕೋಣೆಯ ಬಾಗಿಲು ಅದಕ್ಕೆ ಮುಚ್ಚಿಕೊಳ್ಳಲು.

ಇನ್ನು ಕೇಕಿನ ವಿಚಾರ. ಬರ್ಮಾದಿಂದ ಮರಳಿದ ಮಾಂಬಳ್ಳಿ ಬಾಪು ಎಂಬವರು 1880ರಲ್ಲಿ ತಲಶ್ಶೇರಿಯಲ್ಲಿ ರಾಯಲ್ ಬಿಸ್ಕತ್ ಫ್ಯಾಕ್ಟರಿ ಎಂಬ ಬೇಕರಿ ತೆರೆದರು. 1883ರ ಕ್ರಿಸ್ಮಸ್ ಸಮೀಪಿಸುತ್ತಿದ್ದಾಗ ಅಂಜರಕಂಡಿಯ ದಾಲ್ಚಿನ್ನಿ ತೋಟದ ದೊರೆ ಮರ್ಡಕ್ ಬ್ರೌನ್ ಇಂಗ್ಲೆಂಡಿನಿಂದ ತಂದ ಕೇಕೊಂದನ್ನು ಮುಂದಿಟ್ಟು, ಇಂಥದ್ದೇ ಮಾಡಿಕೊಡು ಎಂದು ಕೇಳಿದನಂತೆ. ಇಲ್ಲಿ ಒಂದು ಮಾತು ಹೇಳಬೇಕು. ಅಂಜರಕಂಡಿ ತೋಟದ ಮೊದಲನೆಯ ಮರ್ಡಕ್ ಬ್ರೌನ್ ತೀರಿಹೋಗಿ ಆಗಲೇ ಅರ್ಧ ಶತಮಾನ ಕಳೆದಿತ್ತು. ಕೇಕು ಕೇಳಿದವನು ಅದೇ ಹೆಸರಿನ ಬೇರೊಬ್ಬನಿರಬೇಕು. ಹೆಸರು ಒಂದೇ ಆದುದರಿಂದ ಇಬ್ಬರನ್ನೂ ಒಬ್ಬನೇ ಎಂದು ತಿಳಿದು ಬರೆದವರಿದ್ದಾರೆ. ಅದೇನೇ ಇರಲಿ, ಬಾಪು ಅವರ ಕುಟುಂಬದವರು ಹೇಳಿಕೊಂಡು ಬಂದ ಕಥೆ ಹೀಗಿದೆ: ಅಚ್ಚನ್ನು ಧರ್ಮಡದ ಕಮ್ಮಾರ ಮಾಡಿಕೊಟ್ಟ. ಮಾಹೆಯಿಂದ ಫ್ರೆಂಚ್ ಬ್ರಾಂದಿ ತರಿಸಿ ಹಾಕು ಎಂದು ದೊರೆ ಹೇಳಿದ್ದರೂ ಬಾಪು ಗೇರುಹಣ್ಣು ಮತ್ತು ಕದಳಿ ಬಾಳೆಹಣ್ಣಿನಿಂದ ತೆಗೆದ ಊರಿನ ಮದ್ಯವನ್ನೇ ಹಾಕಿದರು. ದೊರೆಗೆ ಕೇಕು ಮೆಚ್ಚಿಗೆಯಾಗಿ ಇನ್ನೂ ಒಂದು ಡಜನು ಬೇಕೆಂದ. ತಲಶ್ಶೇರಿಯವರು ಇಂದಿಗೂ ಕೇಕು, ಸರ್ಕಸ್ಸು, ಕ್ರಿಕೆಟ್ಟು ಈ ಮೂರನ್ನೂ ತಮ್ಮ ಊರಿನ ಹೆಮ್ಮೆ ಎಂದು ಒಂದೇ ಉಸಿರಿನಲ್ಲಿ ಹೇಳುತ್ತಾರೆ.

ಈ ಕಥೆಯಲ್ಲಿ ನನ್ನನ್ನು ಹೆಚ್ಚು ತಡೆದು ನಿಲ್ಲಿಸಿದ್ದು ಅದರ ಮುಂದಿನ ಭಾಗ. ಅಂದಿನ ಮರುಮಕ್ಕತ್ತಾಯದ ಪ್ರಕಾರ ವ್ಯಾಪಾರವು ಬಾಪು ಅವರಿಂದ ಅವರ ಅಳಿಯ, ಅಂದರೆ ಸೋದರಿಯ ಮಗ ಗೋಪಾಲನ್ ಅವರಿಗೆ ಬಂತು. ಅವರ ಸಂತತಿಯವರು ಕೇರಳದ ಬೇರೆ ಪಟ್ಟಣಗಳಲ್ಲೂ ಬೇಕರಿಗಳನ್ನು ತೆರೆದರು. ಅಳಿಯಸಂತಾನದ ರೀತಿ ತುಳುನಾಡಿನ ನಮಗೆ ಹೊಸದಲ್ಲ. ಆಸ್ತಿ ನಡೆಯುವುದು ಹೆಣ್ಣಿನ ಮೂಲಕ. ಆದರೆ ಮಾವ ಬಾಪು, ಅಳಿಯ ಗೋಪಾಲನ್ ಎಂದು ನಾವೆಲ್ಲ ಹೆಸರು ಹಿಡಿದು ಹೇಳುವಾಗ, ಇವರಿಬ್ಬರ ನಡುವೆ ಇದ್ದ ಆ ಸೋದರಿಯ ಹೆಸರು ಪ್ರಚಲಿತ ಕಥೆಯಲ್ಲಿ ಎಲ್ಲಿಯೂ ಬರುವುದಿಲ್ಲ!

ಬೇಕರಿಯ ಬೋರ್ಮ ಪೇಟೆಯದಾಯಿತು. ಮನೆಯಲ್ಲಿ ಏನಿತ್ತು? ಮಲಬಾರಿನ ಮಾಪ್ಪಿಳ್ಳೆ ಮನೆಗಳಲ್ಲಿ ನೇಂದ್ರ ಬಾಳೆ ಮತ್ತು ಮೊಟ್ಟೆಯ ಕಾಯಿಪೋಳ, ಪದರಪದರದ ಚಟ್ಟಿಪತ್ತಿರಿಗಳನ್ನು ಒಲೆಯ ಮೇಲಿಟ್ಟು ಮುಚ್ಚಳದ ಮೇಲೂ ಕೆಂಡ ಹರಡಿ ಬೇಯಿಸುತ್ತಿದ್ದರು. ಅಡಿಯಿಂದಲೂ ಮೇಲಿನಿಂದಲೂ ಕಾವು ಕೊಡುವ ಈ ಕ್ರಮವೇ ಬೋರ್ಮದ ಕ್ರಮ. ಹೆಸರು ಬೇರೆ, ಅಷ್ಟೆ. ನಮ್ಮ ಕನ್ನಡ ಮನೆಗಳ ಕೈ ಓಡಿದ್ದು ಹಬೆಯ ಕಡೆಗೆ: ಹಲಸಿನ ಕೊಟ್ಟಿಗೆ, ಪತ್ರೊಡೆ, ಬಾಳೆಲೆಯ ಗೆಣಸೆಲೆ. ಕೆಂಡವನ್ನು ಮುಚ್ಚಳದ ಮೇಲೆ ಹಾಕುವ ಕಲೆ ನಮ್ಮಲ್ಲಿ ಅನೇಕರಿಗೆ ನೆರೆಮನೆಯ ಉಮ್ಮಂದಿರನ್ನು ನೋಡಿಯೇ ಬಂದದ್ದು. ನನ್ನ ಬಾಲ್ಯದಲ್ಲಿ, ಎಂದರೆ 1980ರ ದಶಕದ ಕೊನೆಯಲ್ಲಿ, ದೊಡ್ಡ ಅಲ್ಯೂಮಿನಿಯಂ ಪಾತ್ರೆಗೆ ಎರಡು ಬೆರಳು ದಪ್ಪ ಹೊಯ್ಗೆ ತುಂಬಿ, ಅದರ ಮೇಲೆ ಸಣ್ಣ ಪಾತ್ರೆಯಿಟ್ಟು, ಮುಚ್ಚಳಕ್ಕೆ ಗೆರಟೆ ಕೆಂಡ ಸುರಿದು ಕೇಕು ಬೇಯಿಸುತ್ತಿದ್ದರು. ಹೊಯ್ಗೆ ನಿಧಾನವಾಗಿ ಕಾದು ನಿಧಾನವಾಗಿ ಆರುವುದರಿಂದ ಅಡಿ ಹಿಡಿಯುವುದಿಲ್ಲ. ಕೆಲವರು ಕುಕ್ಕರಿನ ರಬ್ಬರು, ವೆಯಿಟು ತೆಗೆದು ಇದೇ ಕೆಲಸ ಮಾಡಿದರು. ಗಲ್ಫಿಗೆ ಹೋದವರು ಓವನ್ ತಂದದ್ದು, ಅದು ಮೊದಲ ಕೆಲವು ವರ್ಷ ಟಿ.ವಿ.ಯ ಪಕ್ಕ ಕ್ರೋಶಾದ ಬಟ್ಟೆ ಹೊದ್ದು ಕುಳಿತದ್ದು ಬೇರೆ ಕಥೆ.

ಮೊಟ್ಟೆಯ ಸಮಸ್ಯೆ ನಮ್ಮ ಸಸ್ಯಾಹಾರಿ ಮನೆಗಳದು ಮಾತ್ರ ಎಂದು ತಿಳಿದವರಿಗೆ ಒಂದು ಸಂಗತಿ. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ ಆಲ್ಫ್ರೆಡ್ ಬರ್ಡ್ ಎಂಬ ಔಷಧ ವ್ಯಾಪಾರಿಯ ಹೆಂಡತಿಗೆ ಮೊಟ್ಟೆಯೂ ಆಗುತ್ತಿರಲಿಲ್ಲ, ಯೀಸ್ಟೂ ಆಗುತ್ತಿರಲಿಲ್ಲ. ಆಕೆಗಾಗಿ ಆತ ಮೊದಲು ಮೊಟ್ಟೆಯಿಲ್ಲದ ಕಸ್ಟರ್ಡನ್ನೂ 1843ರಲ್ಲಿ ಬೇಕಿಂಗ್ ಪೌಡರನ್ನೂ ಸಿದ್ಧಪಡಿಸಿದ. ಸೋಡಾ ಮತ್ತು ಒಂದು ಹುಳಿ ಒಟ್ಟಾದರೆ ಗಾಳಿಗುಳ್ಳೆ ಏಳುತ್ತದೆ, ಹಿಟ್ಟು ಉಬ್ಬುತ್ತದೆ. ಮಂಗಳೂರು ಬನ್ಸಿಗೆ ಮೈದಾ, ಬಾಳೆಹಣ್ಣಿನ ಜತೆ ಹುಳಿ ಮೊಸರು, ಸೋಡಾ ಕಲಸುವುದೂ ಇದೇ ತತ್ವದ ಮೇಲೆ. ಬೇಯಿಸುವ ಬದಲು ಕಾಯಿಸುತ್ತೇವೆ ಎಂಬುದೊಂದೇ ವ್ಯತ್ಯಾಸ. ಮಿಲ್ಕ್‌ಮೇಡ್ ಡಬ್ಬದ ಮೊಟ್ಟೆರಹಿತ ಕೇಕು ನಮ್ಮ ಮನೆಗಳನ್ನು ಹೊಕ್ಕಾಗ ಬನ್ಸ್ ಮಾಡಿ ಪಳಗಿದ ಕೈಗಳಿಗೆ ಅದರಲ್ಲಿ ಹೊಸತೇನೂ ಇರಲಿಲ್ಲ.

ಈಗ ನೂಲಿನ ಕಡೆಗೆ ಬರೋಣ. ಕೊಕ್ಕೆಯಿರುವ ಒಂದೇ ಸೂಜಿಯಿಂದ ಹೆಣೆಯುವುದು ಕ್ರೋಶಾ, ಎರಡು ಕಡ್ಡಿಗಳಿಂದ ಹೆಣೆಯುವುದು ನಿಟ್ಟಿಂಗ್. 1845ರಿಂದ ಐರ್ಲೆಂಡಿನಲ್ಲಿ ಬಟಾಟೆ ಬೆಳೆ ಕೊಳೆತು ಘೋರ ಕ್ಷಾಮ ಬಂದಾಗ ಅಲ್ಲಿನ ಕಾನ್ವೆಂಟುಗಳು ಹೆಂಗಸರಿಗೆ ಕ್ರೋಶಾ ಕಲಿಸಿ ಗಂಜಿಗೆ ದಾರಿ ಮಾಡಿದವು. ವಿರಾಮದ ಹವ್ಯಾಸ ಎಂದು ನಾವಿಂದು ಹೇಳುವ ಈ ಕೆಲಸ ಅಲ್ಲಿ ಹರಡಿದ್ದು ಹಸಿವಿನ ಕಾಲದಲ್ಲಿ. ದಕ್ಷಿಣ ಭಾರತದ ಚರಿತ್ರೆಯೂ ಅದಕ್ಕಿಂತ ಸಪ್ಪೆಯಾದುದಲ್ಲ. 1819ರಲ್ಲಿ ನಾಗರಕೋವಿಲಿಗೆ ಬಂದ ಲಂಡನ್ ಮಿಶನಿನ ಮಾರ್ಥಾ ಮಾಲ್ಟ್ ಹೆಣ್ಣುಮಕ್ಕಳಿಗೆ ಓದಿನ ಜತೆ ಲೇಸು ಹೆಣೆಯುವುದನ್ನು ಕಲಿಸಿದರು. ಅದು ದಿಂಬಿನ ಮೇಲೆ ನೂಲಿನ ಕಂಡಿಕೆಗಳಿಂದ ಹೆಣೆಯುವ ಲೇಸು, ಕ್ರೋಶಾ ಅಲ್ಲ. ಅಲ್ಲಿ ಕಲಿತವರಲ್ಲಿ ಜೀತದಾಳುಗಳ ಮಕ್ಕಳಿದ್ದರು. ಲೇಸು ಮಾರಿ ಬಂದ ಹಣದಿಂದ ಕೆಲವರು ತಮ್ಮ ಬಿಡುಗಡೆಯನ್ನೇ ಕೊಂಡುಕೊಂಡರು. ತಿರುವಿದಾಂಕೂರಿನಲ್ಲಿ ಜೀತಪದ್ಧತಿ ಕಾನೂನಿನ ಪ್ರಕಾರ ಕೊನೆಗೊಂಡದ್ದು 1855ರಲ್ಲಿ. ಸರಕಾರ ಕೊಡುವ ಮೊದಲೇ ಈ ಹುಡುಗಿಯರು ನೂಲಿನಿಂದ ಅದನ್ನು ಸಂಪಾದಿಸಿದ್ದರು. ಗಡಿನಾಡಿನ ಓದುಗರಿಗೆ ಇನ್ನೊಂದು ವಿಷಯ ಹೇಳದಿರಲಾರೆ: 1956ರ ನವೆಂಬರ್ 1ರಂದು ನಾಗರಕೋವಿಲು ತಿರುವಿದಾಂಕೂರಿನ ಕಡೆಯಿಂದ ಮದ್ರಾಸು ರಾಜ್ಯಕ್ಕೆ ಹೋಯಿತು, ಅದೇ ದಿನ ನಮ್ಮ ಕಾಸರಗೋಡು ಮದ್ರಾಸು, ದಕ್ಷಿಣ ಕನ್ನಡಗಳ ನಂಟಿನಿಂದ ಕಳಚಿ ಕೇರಳಕ್ಕೆ ಬಂತು.

ನಮ್ಮ ಕಡೆ 1834ರಲ್ಲಿ ಮಂಗಳೂರಿಗೂ 1839ರಲ್ಲಿ ತಲಶ್ಶೇರಿಯ ಇಲ್ಲಿಕ್ಕುನ್ನಿಗೂ ಬಾಸೆಲ್ ಮಿಶನ್ ಬಂತು. ಮಿಶನಿನ ಮಗ್ಗ, ಹಂಚಿನ ಕಾರ್ಖಾನೆಗಳು ಎಲ್ಲರಿಗೂ ಗೊತ್ತು. ಹರ್ಮನ್ ಗುಂಡರ್ಟರ ಮಲಯಾಳ ನಿಘಂಟನ್ನು (1872) ಗೌರವದಿಂದ ನೆನೆಯುವ ನಾವು, ಅವರ ಪತ್ನಿ ಜೂಲಿ ನಡೆಸಿದ ಹೆಣ್ಣುಮಕ್ಕಳ ಶಾಲೆಯನ್ನು ಅಷ್ಟಾಗಿ ನೆನೆಯುವುದಿಲ್ಲ. ಇಂಥ ಮಿಶನ್ ಶಾಲೆಗಳಲ್ಲಿ ಅಕ್ಷರದ ಪಕ್ಕದಲ್ಲೇ ಸೂಜಿಯೂ ಇತ್ತು. 1870ರಲ್ಲಿ ಫ್ರಾನ್ಸಿನಿಂದ ಬಂದ ಅಪೊಸ್ತಲಿಕ್ ಕಾರ್ಮೆಲಿನ ಸಿಸ್ಟರುಗಳು ಮಂಗಳೂರಿನಲ್ಲಿ ಸೈಂಟ್ ಆ್ಯನ್ಸ್ ಶಾಲೆಯನ್ನು ಆರಂಭಿಸಿದರು. ಹೀಗೆ ಕಾನ್ವೆಂಟುಗಳಲ್ಲಿ ಕಲಿತವರು ಟೀಚರುಗಳಾದರು. ಅವರಿಂದ ಕಲಿತವರು ಮದುವೆಯಾಗಿ ಹೋದ ಮನೆಗಳಿಗೆ ಕೊಕ್ಕೆ ಸೂಜಿಯನ್ನು ಒಯ್ದರು.

ನಮ್ಮ ಶಾಲೆಗಳ ಹೊಲಿಗೆ ಟೀಚರನ್ನು ಮಲಯಾಳ ತರಗತಿಯವರು ‘ತುನ್ನಲ್ ಟೀಚರ್’ ಎಂದು ಕರೆಯುತ್ತಿದ್ದರು, ಕನ್ನಡ ತರಗತಿಯವರು ‘ಹೊಲಿಗೆ ಟೀಚರ್’ ಎಂದು. ಇಬ್ಬರಿಗೂ ಟೀಚರ್ ಒಬ್ಬರೇ. ಗಣಿತ, ಸಮಾಜಗಳನ್ನು ಬೇರೆ ಬೇರೆ ಭಾಷೆಯಲ್ಲಿ ಕಲಿತ ಹುಡುಗಿಯರು ಈ ಒಂದು ಪಿರಿಯಡಿನಲ್ಲಿ ಚೈನು, ಟ್ರೆಬಲ್ಲು, ಒಂದು ಸೀದಾ ಒಂದು ಉಲ್ಟಾ ಎಂದು ಒಂದೇ ಮಾತು ಆಡಿದರು. ನೂಲಿಗೆ ಭಾಷಾ ಅಲ್ಪಸಂಖ್ಯಾತರೆಂಬ ಭೇದವಿಲ್ಲ. ಈ ಸೆಕೆಯಲ್ಲಿ ಉಲ್ಲನ್ ಯಾರಿಗೆ ಬೇಕು ಎಂದು ನಗುವವರಿದ್ದರು. ಬೇಕಿದ್ದದ್ದು ಬಾಣಂತಿ ಕೋಣೆಗೆ: ಶಿಶುವಿನ ಟೊಪ್ಪಿ, ಕಾಲುಚೀಲ. ಮತ್ತೆ ಆಟಿ ತಿಂಗಳ ಮಳೆಗೆ ಅಜ್ಜನ ಕಿವಿಗೊಂದು ಮಫ್ಲರ್. ಉಳಿದ ನೂಲು ಬಾಗಿಲ ತೋರಣವಾಯಿತು, ರೇಡಿಯೊದ ಹೊದಿಕೆಯಾಯಿತು.

ಕಾಸರಗೋಡು ಪೇಟೆಗೆ ತಾಗಿದ ತಳಂಗರೆಯ ತೊಪ್ಪಿಯನ್ನು ಇಲ್ಲಿ ಸೇರಿಸದಿದ್ದರೆ ಬರಹ ಅಪೂರ್ಣ. ಅದು ಹೆಣಿಗೆಯಲ್ಲ, ಬಿಳಿ ಬಟ್ಟೆಯ ಮೇಲಿನ ಸೂಜಿಕೆಲಸ. ಆದರೆ ಅದೇ ಜಗಲಿ, ಅದೇ ಮಧ್ಯಾಹ್ನದ ಹೊತ್ತು. ಮುಸ್ಲಿಂ ಮನೆಗಳ ಹೆಂಗಸರು ಹೊಲಿದ ಈ ತೊಪ್ಪಿಗಳು ಅರಬ್ ನಾಡುಗಳಿಗೂ ಆಫ್ರಿಕಕ್ಕೂ ಹೋಗಿ ‘ತಳಂಗರೆ ತೊಪ್ಪಿ’ ಎಂದೇ ಹೆಸರಾದವು. ಹೊಲಿಯುವ ಕೈಗಳು ಈಗ ಬೆರಳೆಣಿಕೆಯಷ್ಟು. ಊರಿನ ಹೆಸರು ತೊಪ್ಪಿಗೆ ಅಂಟಿಕೊಂಡಿತು, ಹೊಲಿದವಳ ಹೆಸರು ಅಂಟಲಿಲ್ಲ.

ಜರ್ಮನಿಯ ಸಮಾಜವಿಜ್ಞಾನಿ ಮರಿಯಾ ಮೀಸ್ ಆಂಧ್ರದ ಗೋದಾವರಿ ತೀರದ ನರಸಾಪುರದಲ್ಲಿ ಕ್ರೋಶಾ ಹೆಣೆಯುವ ಹೆಂಗಸರ ನಡುವೆ ಅಧ್ಯಯನ ನಡೆಸಿ 1982ರಲ್ಲಿ ಒಂದು ಪುಸ್ತಕ ಪ್ರಕಟಿಸಿದರು. ಅಲ್ಲಿಗೂ ಈ ವಿದ್ಯೆ ಬಂದದ್ದು ಹತ್ತೊಂಬತ್ತನೆಯ ಶತಮಾನದ ಮಿಶನರಿಗಳಿಂದ. ಅವರು ಕಂಡದ್ದಿಷ್ಟು: ಹೆಂಗಸರು ಹೆಣೆದ ಲೇಸು ವಿದೇಶಕ್ಕೆ ಹೋಗುತ್ತದೆ, ವ್ಯಾಪಾರ ಗಂಡಸರ ಕೈಯಲ್ಲಿದೆ, ದಿನವಿಡೀ ಹೆಣೆಯುವವಳು ಮಾತ್ರ ‘ಗೃಹಿಣಿ’, ಬಿಡುವಿನ ಹೊತ್ತನ್ನು ಕಳೆಯುತ್ತಿರುವವಳು. 2024ರಲ್ಲಿ ನರಸಾಪುರದ ಲೇಸಿಗೆ ಭೌಗೋಳಿಕ ಗುರುತು ಸಿಕ್ಕಿತು. ಇಲ್ಲಿಯೂ ಊರಿಗೆ ಗುರುತು ಸಿಕ್ಕಿತೆಂದೇ ಹೇಳಬೇಕು.

ಆ ಪುಸ್ತಕದ ವಿಚಾರ ತಿಳಿದಾಗ ನನಗೆ ನೆನಪಾದದ್ದು ನಮ್ಮ ಕೌಂಟರಿನ ಅರ್ಜಿ ಫಾರಂ. 2015ರಲ್ಲಿ ಬಂದ ಮುದ್ರಾ ಯೋಜನೆಯ ಶಿಶು ವಿಭಾಗದಲ್ಲಿ 50,000 ರೂಪಾಯಿವರೆಗೆ ಸಾಲ ಸಿಗುತ್ತದೆ. ಓವನ್ ಕೊಳ್ಳಲೆಂದು ಬರುವ ಹೆಂಗಸರು ತಿಂಗಳಿಗೆ ಎಷ್ಟು ಕೇಕು ಹೋಗುತ್ತದೆ, ಮೈದಾ ಎಷ್ಟು, ಬೆಣ್ಣೆ ಎಷ್ಟು ಎಂದು ಬಾಯಿಲೆಕ್ಕ ಒಪ್ಪಿಸುತ್ತಾರೆ. ಆದರೆ ಉದ್ಯೋಗದ ಕಾಲಂ ಬಂದೊಡನೆ, “ಅಕ್ಕಾ, ಅಲ್ಲಿ ಹೌಸ್‌ವೈಫ್ ಅಂತಲೇ ಬರೀರಿ” ಎನ್ನುತ್ತಾರೆ. ಮಲಯಾಳ ಮಾತಾಡುವವರೂ ಇದನ್ನೇ ಹೇಳುತ್ತಾರೆ, ‘ಚೇಚಿ’ ಎನ್ನುತ್ತಾರೆ ಅಷ್ಟೆ. ನಾನು ‘ಬೇಕರಿ ಉತ್ಪಾದನೆ’ ಎಂದು ಬರೆದು ಸಹಿ ಹಾಕಿಸುತ್ತೇನೆ.

ವಾರದ ಕೊನೆಯ ಬಿಡುವು ಎಂಬುದೂ ತಾನಾಗಿ ಬಂದದ್ದಲ್ಲ. ಬ್ಯಾಂಕಿನವರೆಲ್ಲ ಪರೀಕ್ಷೆಗೆಂದು ಓದುವ 1881ರ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯಿದೆ ಭಾನುವಾರವನ್ನು ಸಾರ್ವಜನಿಕ ರಜೆ ಎಂದು ಗುರುತಿಸಿತು. ಬೊಂಬಾಯಿಯ ಗಿರಣಿ ಕೆಲಸಗಾರರಿಗೆ ವಾರಕ್ಕೊಂದು ರಜೆ ಸಿಗಲು ನಾರಾಯಣ ಮೇಘಾಜಿ ಲೋಖಂಡೆ ವರ್ಷಗಟ್ಟಲೆ ಹೋರಾಡಬೇಕಾಯಿತು. ಅದು ದಕ್ಕಿದ್ದು 1890ರಲ್ಲಿ. ಬ್ಯಾಂಕುಗಳಿಗೆ ಎರಡನೆಯ ಮತ್ತು ನಾಲ್ಕನೆಯ ಶನಿವಾರ ಪೂರ್ಣ ರಜೆಯಾದದ್ದು 2015ರ ಸಪ್ಟೆಂಬರ್ 1ರಿಂದ. ಅಡಿಗೆ ಕೋಣೆಗೆ ಇಂಥ ಕಾಯಿದೆ ಯಾವುದೂ ಇಲ್ಲ. ಭಾನುವಾರದ ಕೇಕು ಮನೆಯವರಿಗೆ ವಿಶೇಷ, ಮಾಡುವವಳಿಗೆ ಏಳನೆಯ ದಿನದ ಕೆಲಸ. ಹಾಗಿದ್ದರೂ ಯಾರೂ ಹೇಳದೆ ತಾನೇ ಆರಿಸಿಕೊಂಡ ಕೆಲಸದಲ್ಲಿ ಒಂದು ನೆಮ್ಮದಿಯಿದೆ ಎಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ನನ್ನ ಶನಿವಾರಗಳೂ ಹಾಗೆಯೇ ಕಳೆಯುತ್ತವೆ.

2020ರ ಮಾರ್ಚಿನಲ್ಲಿ ತಲಪಾಡಿಯ ರಸ್ತೆ ಮುಚ್ಚಿದಾಗ ಮಂಗಳೂರಿನ ಆಸ್ಪತ್ರೆಗಳನ್ನೇ ನಂಬಿದ್ದ ನಮ್ಮ ಕಡೆಯವರು ಅನುಭವಿಸಿದ ಸಂಕಟವನ್ನು ಇಲ್ಲಿ ಮತ್ತೆ ಹೇಳಬೇಕಾಗಿಲ್ಲ. ಆ ತಿಂಗಳುಗಳಲ್ಲಿ ದುಡಿಯುವವರ ಕೆಲಸ ಹೋದ ಮನೆಗಳಲ್ಲಿ ಹೆಂಗಸರು ಕೇಕು ಬೇಯಿಸಿ ಮಾರತೊಡಗಿದರು. ಹುಟ್ಟುಹಬ್ಬಕ್ಕೆ ಪೇಟೆಯ ಬೇಕರಿಗೆ ಹೋಗುತ್ತಿದ್ದವರು ಪಕ್ಕದ ಮನೆಯ ಗೇಟಿಗೆ ಬಂದರು. ಐರ್ಲೆಂಡಿನ ಕ್ಷಾಮಕ್ಕೆ ಕ್ರೋಶಾ ಹೇಗೋ, ನಮ್ಮ ಆ ವರ್ಷಕ್ಕೆ ಕೇಕು ಹಾಗೆ. ಕೆಲವರು ಅನಂತರ ಬಿಟ್ಟರು, ಕೆಲವರ ಖಾತೆಗಳು ಈಗಲೂ ನಡೆಯುತ್ತಿವೆ.

ಕೊನೆಗೆ ಓದುಗರಲ್ಲಿ ಒಂದು ವಿನಂತಿ. ಹೊಲಿಗೆ ಪರೀಕ್ಷೆಗೆಂದು ನಮ್ಮ ತಾಯಂದಿರು ಸಣ್ಣ ಸಣ್ಣ ಮಾದರಿಗಳನ್ನು ಅಂಟಿಸಿ, ಕೆಳಗೆ ಹೆಸರು ಬರೆದು ಇಟ್ಟ ಪುಸ್ತಕಗಳು ಹಲವು ಮನೆಗಳ ಪೆಟ್ಟಿಗೆಯಲ್ಲಿ ಈಗಲೂ ಇರಬಹುದು. ಒಂದು ಪುಟ ಕನ್ನಡ, ಒಂದು ಪುಟ ಮಲಯಾಳದಲ್ಲಿ ಬರೆದ ತಿಂಡಿ ಪುಸ್ತಕಗಳೂ ಇರಬಹುದು. ಗೆದ್ದಲು ಮುಟ್ಟುವ ಮೊದಲು ಅವುಗಳನ್ನು ಹೊರತೆಗೆದು, ಬರೆದವರ ಪೂರ್ತಿ ಹೆಸರು, ಕಲಿತ ಶಾಲೆ, ವರ್ಷ ಇಷ್ಟನ್ನು ಮೊದಲ ಪುಟದಲ್ಲಿ ಶಾಯಿಯಲ್ಲಿ ಬರೆದಿಡಿ. ಅಜ್ಜಿಯಂದಿರು ಇದ್ದರೆ, ಹೊಲಿಗೆ ಕಲಿಸಿದ ಟೀಚರಿನ ಹೆಸರನ್ನೂ ಕೇಳಿ ಬರೆದುಕೊಳ್ಳಿ.