ಹಳೆಯ ಲ್ಯಾಪ್‌ಟಾಪಿನ ಮೌನ

ಮನೆಯ ಹಳೆಯ ಲ್ಯಾಪ್‌ಟಾಪು ಒಮ್ಮೆಗೇ ಮೂಕವಾದರೆ ಅದರ ಕಂಠವೇ ಕೆಟ್ಟಿತೆಂದು ನಿಶ್ಚಯಿಸಬೇಡಿರಿ. ಈ ಮೌನಕ್ಕೊಂದು ಇತಿಹಾಸವುಂಟು.

1981ರಲ್ಲಿ ಐ.ಬಿ.ಎಂ. ಹೊರತಂದ ಪರ್ಸನಲ್ ಕಂಪ್ಯೂಟರಿಗೆ ‘ಬೀಪ್’ ಎನ್ನುವಷ್ಟೇ ದನಿಯಿದ್ದಿತು. 1989ರಲ್ಲಿ ಸಿಂಗಪುರದ ಕ್ರಿಯೇಟಿವ್ ಸಂಸ್ಥೆಯ ಸೌಂಡ್ ಬ್ಲಾಸ್ಟರ್ ಕಾರ್ಡು ಬಂದು ಸಂಗೀತವನ್ನೂ ಮಾತನ್ನೂ ಹೊರಡಿಸಿತು. ಆದರೆ ಪ್ರತಿಯೊಂದು ಆಟದ ಪ್ರೋಗ್ರಾಮೂ ಬಗೆಬಗೆಯ ಕಾರ್ಡುಗಳ ಭಾಷೆಯನ್ನು ತಾನೇ ಕಲಿಯಬೇಕಾಗಿದ್ದಿತು. ಈ ತೊಡಕನ್ನು ನೀಗಲು ವಿಂಡೋಸ್ ನಡುವೆ ಒಬ್ಬ ದುಭಾಷಿಯನ್ನಿರಿಸಿತು, ಆತನೇ ಡ್ರೈವರ್.

2007ರಲ್ಲಿ ಮನೆಬಳಕೆಗೆ ಬಂದ ವಿಂಡೋಸ್ ವಿಸ್ಟಾ ಧ್ವನಿಯ ಏರ್ಪಾಡನ್ನೇ ಹೊಸದಾಗಿ ಕಟ್ಟಿತು. ಹಳೆಯ ದುಭಾಷಿಗಳಲ್ಲಿ ಅನೇಕರಿಗೆ ಈ ಹೊಸ ನುಡಿ ತಿಳಿಯದು. ತಯಾರಕರು ಹೊಸ ಡ್ರೈವರ್ ಬರೆಯದೆ ಬಿಟ್ಟ ಕಡೆ, ಕೆಡದ ಯಂತ್ರಗಳೂ ಮೂಕವಾದವು.

ಆದುದರಿಂದ ಮೊದಲು ಧ್ವನಿಯನ್ನು ಮ್ಯೂಟ್ ಮಾಡಿದೆಯೋ ನೋಡಿರಿ. ಇಯರ್‌ಫೋನ್ ಸಿಕ್ಕಿಸಿ ಕೇಳಿರಿ. ಅನಂತರ ಡಿವೈಸ್ ಮ್ಯಾನೇಜರಿನಲ್ಲಿ ಹಳದಿ ಗುರುತುಂಟೋ ಪರೀಕ್ಷಿಸಿ, ಯಂತ್ರದ ಮಾದರಿಗೂ ನಿಮ್ಮ ವಿಂಡೋಸಿಗೂ ಒಪ್ಪುವ ಡ್ರೈವರನ್ನು ತಯಾರಕರ ತಾಣದಿಂದಲೇ ತಂದು ಹಾಕಿರಿ. ದುಭಾಷಿಯಿಲ್ಲದ ಸಭೆಯಲ್ಲಿ ಸುಮ್ಮನೆ ಕುಳಿತ ವಿದ್ವಾಂಸನನ್ನು ಮೂಕನೆಂದು ಹೊರಗಟ್ಟುವುದು ನ್ಯಾಯವೇ?